ಲಿನಕ್ಸ್ ಕರ್ನಲ್ ಪ್ಯಾಚ್ ಪರಿಶೀಲನೆ: ಡಿಫ್‌ನಲ್ಲಿ ಕಾಣದ ಸಾಲುಗಳನ್ನು ಓದುವ ಕ್ರಮ

2022ರ ಫೆಬ್ರವರಿಯಲ್ಲಿ ಲಿನಕ್ಸ್ ಕರ್ನಲ್‌ಗೆ ಎರಡೇ ಸಾಲಿನ ಒಂದು ತಿದ್ದುಪಡಿ ಸೇರಿತು. ಪೈಪ್ ಬಫರ್ ಎಂಬ ರಚನೆಯೊಳಗಿನ ‘ಫ್ಲ್ಯಾಗ್ಸ್’ ಎಂಬ ಸದಸ್ಯಕ್ಕೆ ಎರಡು ಕಡೆ ಸೊನ್ನೆ ತುಂಬುವುದಷ್ಟೇ ಅದರ ಕೆಲಸವಾಗಿತ್ತು. ಆ ಸೊನ್ನೆ ಇಲ್ಲದಿದ್ದ ಕಾರಣಕ್ಕೆ, ಓದಲು ಮಾತ್ರ ಅನುಮತಿಯಿದ್ದ ಫೈಲಿನ ಒಳಗೆ ಸಾಮಾನ್ಯ ಬಳಕೆದಾರನೊಬ್ಬ ಬರೆಯುವುದಕ್ಕೂ, ಆ ದಾರಿಯಿಂದ ಇಡೀ ಯಂತ್ರವನ್ನು ವಶಕ್ಕೆ ತೆಗೆದುಕೊಳ್ಳುವುದಕ್ಕೂ ಅವಕಾಶವಾಗಿತ್ತು. ‘ಡರ್ಟಿ ಪೈಪ್’ ಎಂದು ಹೆಸರಾದ ಈ ದೋಷದ ಚರಿತ್ರೆಯನ್ನು ಪ್ಯಾಚ್, ಎಂದರೆ ಕೋಡಿಗೆ ಸೂಚಿಸುವ ತಿದ್ದುಪಡಿ, ಪರಿಶೀಲಿಸಲು ಹೊರಟವರೆಲ್ಲರೂ ತಿಳಿದಿರಬೇಕು. ಸೊನ್ನೆ ತುಂಬಲು ಮರೆತದ್ದು 2016ರಲ್ಲಿ, 4.9ನೆಯ ಆವೃತ್ತಿಯ ಕಾಲಕ್ಕೆ; ಫ್ಲ್ಯಾಗ್ಸ್ ಸದಸ್ಯದಲ್ಲಿ ಆಗ ಅಪಾಯಕರವಾದ ಗುರುತು ಯಾವುದೂ ಇರಲಿಲ್ಲವಾದ್ದರಿಂದ ಆ ಮರೆವಿನಿಂದ ಹಾನಿಯಾಗಲಿಲ್ಲ. 2020ರಲ್ಲಿ, 5.8ನೆಯ ಆವೃತ್ತಿಗೆ ಬಂದ ಇನ್ನೊಂದು ಪ್ಯಾಚ್ ಕೋಡನ್ನು ಅಚ್ಚುಕಟ್ಟು ಮಾಡುವ ಉದ್ದೇಶದಿಂದ, ‘ಈ ಬಫರಿಗೆ ಇನ್ನಷ್ಟು ದತ್ತಾಂಶವನ್ನು ಸೇರಿಸಬಹುದು’ ಎಂಬ ಗುರುತನ್ನು ಅದೇ ಫ್ಲ್ಯಾಗ್ಸ್ ಸದಸ್ಯದೊಳಗೆ ತಂದಿಟ್ಟಿತು. ಅಂದಿನಿಂದ ಹಳೆಯ ಮರೆವು ಭದ್ರತೆಯ ಬಿರುಕಾಯಿತು. 2020ರ ಪ್ಯಾಚನ್ನು ಸಾಲು ಸಾಲಾಗಿ ಓದಿದರೂ ತಪ್ಪು ಸಿಕ್ಕುವುದಿಲ್ಲ, ಏಕೆಂದರೆ ಸೊನ್ನೆ ತುಂಬದೆ ಬಿಟ್ಟ ಸಾಲುಗಳು ಆ ಪ್ಯಾಚ್ ಮುಟ್ಟಿಯೇ ಇರದ ಬೇರೊಂದು ಫೈಲಿನಲ್ಲಿದ್ದವು.

ಡಿಫ್ ನಮಗೆ ಬದಲಾದ ಸಾಲುಗಳನ್ನೂ ಅವುಗಳ ಮೇಲೆ ಕೆಳಗೆ ಮೂರು ಮೂರು ಸಾಲುಗಳನ್ನೂ ತೋರಿಸಿ ಸುಮ್ಮನಾಗುತ್ತದೆ. ಕರ್ನಲ್‌ನ ಗಂಭೀರ ದೋಷಗಳು ಬಹುಮಟ್ಟಿಗೆ ಆ ಚೌಕಟ್ಟಿನ ಆಚೆಗೆ ಇರುತ್ತವೆ. ಆದ್ದರಿಂದ ಇಲ್ಲಿ ವಿವರಿಸುವ ಕ್ರಮದ ಹೆಚ್ಚಿನ ಭಾಗ ಆ ಚೌಕಟ್ಟನ್ನು ದಾಟಿ ಹೋಗುವುದು ಹೇಗೆ ಎಂಬುದಕ್ಕೇ ಮೀಸಲಾಗಿದೆ. ಸಿ ಭಾಷೆಯನ್ನು ಬಲ್ಲ, ಒಮ್ಮೆಯಾದರೂ ಕರ್ನಲ್ಲನ್ನು ಸ್ವತಃ ಕಂಪೈಲ್ ಮಾಡಿ ಬೂಟ್ ಮಾಡಿರುವ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಯಾವ ಪ್ಯಾಚನ್ನು ಆರಿಸಿಕೊಳ್ಳಬೇಕು

ಲಿನಕ್ಸ್ ಕರ್ನಲ್‌ನ ಹೊಸ ಆವೃತ್ತಿ ಸುಮಾರು ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊರಬರುತ್ತದೆ, ಮತ್ತು ಪ್ರತಿಯೊಂದರಲ್ಲೂ ಹತ್ತು ಸಾವಿರಕ್ಕಿಂತ ಹೆಚ್ಚು ಬದಲಾವಣೆಗಳಿರುತ್ತವೆ. ಇವೆಲ್ಲವನ್ನೂ ನೋಡಬಲ್ಲವರು ಯಾರೂ ಇಲ್ಲ. ಕರ್ನಲ್ ಮೂಲ ಕೋಡಿನ ಎಲ್ಲಕ್ಕಿಂತ ಮೇಲಿನ ಕಡತಕೋಶದಲ್ಲೇ ಇರುವ ‘ಮೇಂಟೇನರ್ಸ್’ ಎಂಬ ಫೈಲನ್ನು ತೆರೆದರೆ, ಯಾವ ಕಡತಕೋಶ ಯಾವ ಉಪವ್ಯವಸ್ಥೆಗೆ ಸೇರಿದ್ದು, ಅದರ ಹೊಣೆ ಯಾರದು, ಅದಕ್ಕೆ ಗೊತ್ತುಪಡಿಸಿದ ಪರಿಶೀಲಕರು ಯಾರು ಎಂಬುದೆಲ್ಲ ತಿಳಿಯುತ್ತದೆ. ನೀವು ದಿನನಿತ್ಯ ಕೆಲಸ ಮಾಡುವ, ಅಥವಾ ನಿಮ್ಮ ಬಳಿ ಹಾರ್ಡ್‌ವೇರ್ ಇರುವ ಒಂದೇ ಒಂದು ಉಪವ್ಯವಸ್ಥೆಯನ್ನು ಆರಿಸಿಕೊಂಡು ಆರು ತಿಂಗಳು ಅಲ್ಲಿಯೇ ಇರಿ. ಬೆಂಗಳೂರಿನ ಚಿಪ್ ಕಂಪನಿಗಳಲ್ಲಿ ಡ್ರೈವರ್ ಬರೆಯುವ ಅನೇಕರು ಪ್ಯಾಚ್ ಕಳುಹಿಸುವುದಷ್ಟೇ ತಮ್ಮ ಪಾಲಿನ ಕೆಲಸವೆಂದು ತಿಳಿದಿದ್ದಾರೆ. ಚಿಪ್‌ನ ಡೇಟಾಶೀಟನ್ನು ಎದುರಿಗಿಟ್ಟುಕೊಂಡು ಕೂತಿರುವ ಅವರಷ್ಟು ಚೆನ್ನಾಗಿ ಆ ಡ್ರೈವರನ್ನು ಪರಿಶೀಲಿಸಬಲ್ಲವರು ಬೇರೆ ಯಾರೂ ಇರಲಾರರು ಎಂದು ನಾನು ನಂಬಿದ್ದೇನೆ.

ಕಾಲದ ಲೆಕ್ಕವೂ ಸ್ವಲ್ಪ ತಿಳಿದಿರಲಿ. ಒಂದು ಆವೃತ್ತಿ ಹೊರಬಂದ ಮೇಲಿನ ಎರಡು ವಾರ ವಿಲೀನದ ಅವಧಿ. ಆಗ ಮೇಂಟೇನರುಗಳು ಆಗಲೇ ಸಿದ್ಧವಾಗಿರುವ ಕೆಲಸವನ್ನು ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಅವರಿಗೆ ಒಪ್ಪಿಸುವುದರಲ್ಲಿ ಮುಳುಗಿರುತ್ತಾರೆ. ಆನಂತರದ ಆರೇಳು ವಾರಗಳು ದೋಷ ತಿದ್ದುವುದಕ್ಕೂ ಮುಂದಿನ ಆವೃತ್ತಿಯ ಪ್ಯಾಚ್‌ಗಳನ್ನು ನೋಡುವುದಕ್ಕೂ ಇರುವ ಸಮಯ. ನಿಮ್ಮ ಪರಿಶೀಲನೆಗೆ ಹೆಚ್ಚು ಬೆಲೆ ಬರುವುದು ಈ ವಾರಗಳಲ್ಲಿಯೇ.

ಮೊದಲು ಸಂದೇಶ, ಆಮೇಲೆ ಕೋಡ್

ಪ್ಯಾಚ್ ಕೈಗೆ ಬಂದ ಕೂಡಲೇ ಕೋಡಿನತ್ತ ಕಣ್ಣು ಹಾಯಿಸುವ ಆಸೆಯನ್ನು ತಡೆಯಬೇಕು. ಕಮಿಟ್ ಸಂದೇಶವನ್ನು, ಎಂದರೆ ಬದಲಾವಣೆಯ ಜೊತೆಗೆ ಬರೆದವರು ಕೊಟ್ಟ ವಿವರಣೆಯನ್ನು, ಮಾತ್ರ ಓದಿ, ಅದನ್ನು ಮುಚ್ಚಿಟ್ಟು, ಸಮಸ್ಯೆ ಏನು, ಅದು ಯಾರಿಗೆ ಯಾವ ಸಂದರ್ಭದಲ್ಲಿ ಎದುರಾಗುತ್ತದೆ, ಈ ಬದಲಾವಣೆ ಅದನ್ನು ಹೇಗೆ ಪರಿಹರಿಸುತ್ತದೆ ಎಂಬುದನ್ನು ನಿಮ್ಮದೇ ಮಾತಿನಲ್ಲಿ, ಬೇಕಿದ್ದರೆ ಕನ್ನಡದಲ್ಲಿಯೇ, ಎರಡು ಮೂರು ವಾಕ್ಯಗಳಲ್ಲಿ ಬರೆದುಕೊಳ್ಳಿ. ಬರೆಯಲು ಆಗದಿದ್ದರೆ ಸಂದೇಶ ಅಪೂರ್ಣವಾಗಿದೆ ಎಂದೇ ಅರ್ಥ, ಮತ್ತು ಅದೇ ನಿಮ್ಮ ಮೊದಲ ಟಿಪ್ಪಣಿಯಾಗಬೇಕು. ಐದು ವರ್ಷ ಕಳೆದ ಮೇಲೆ ಇನ್ನೊಬ್ಬರು ಗಿಟ್ ಬ್ಲೇಮ್ ನಡೆಸಿ ‘ಈ ಸಾಲು ಇಲ್ಲಿ ಏಕಿದೆ’ ಎಂದು ಹುಡುಕಿದಾಗ ಅವರಿಗೆ ಸಿಕ್ಕುವುದು ಈ ಸಂದೇಶವೊಂದೇ. ‘ಪೈಪ್ ಕೋಡನ್ನು ಸರಳಗೊಳಿಸಲಾಗಿದೆ’ ಎಂಬಂಥ ಸಂದೇಶದಿಂದ ಅವರಿಗೆ ಉಪಯೋಗವಿಲ್ಲ.

ಕೋಡನ್ನು ನೋಡುವುದಕ್ಕೆ ಮೊದಲೇ ಹೀಗೆ ಬರೆದುಕೊಳ್ಳುವುದರಿಂದ ಇನ್ನೊಂದು ಲಾಭವಿದೆ. ಬರೆದವರ ಪರಿಹಾರವನ್ನು ಮೊದಲೇ ನೋಡಿಬಿಟ್ಟರೆ ನಮ್ಮ ಯೋಚನೆ ಅದೇ ಜಾಡಿಗೆ ಬೀಳುತ್ತದೆ; ಅದಕ್ಕಿಂತ ಸರಳವಾದ ದಾರಿ ಇದೆಯೇ, ಇದೇ ಕೆಲಸಕ್ಕೆ ಕರ್ನಲ್‌ನಲ್ಲಿ ಆಗಲೇ ಒಂದು ಸಹಾಯಕ ಫಂಕ್ಷನ್ ಇದೆಯೇ, ಈ ಕೆಲಸ ಕರ್ನಲ್ಲಿನಲ್ಲೇ ಆಗಬೇಕೇ ಎಂಬ ಪ್ರಶ್ನೆಗಳು ಹುಟ್ಟುವುದೇ ಇಲ್ಲ. ಆಲೋಚನೆಯೇ ಸರಿಯಿಲ್ಲದ ಪ್ಯಾಚ್‌ನಲ್ಲಿ ಅಕ್ಷರದೋಷ ಹುಡುಕಿ ಕೊಟ್ಟರೆ, ಬರೆದವರು ಅವನ್ನೆಲ್ಲ ತಿದ್ದಿ ಎರಡನೆಯ ಆವೃತ್ತಿ ಕಳುಹಿಸುತ್ತಾರೆ, ಮೂರನೆಯದನ್ನೂ ಕಳುಹಿಸುತ್ತಾರೆ, ಕೊನೆಗೆ ಮೇಂಟೇನರು ‘ಇದು ಬೇಕಾಗಿಲ್ಲ’ ಎಂದಾಗ ಅವರ ಒಂದು ತಿಂಗಳ ಶ್ರಮ ಹಾಳಾಗುತ್ತದೆ. ದೊಡ್ಡ ಆಕ್ಷೇಪವನ್ನು ಮೊದಲ ದಿನವೇ ಹೇಳುವುದು ಬರೆದವರಿಗೆ ನಾವು ತೋರಿಸಬಹುದಾದ ಗೌರವ.

ದೋಷ ತಿದ್ದುವ ಪ್ಯಾಚ್ ಆಗಿದ್ದರೆ ಸಂದೇಶದ ಕೊನೆಯಲ್ಲಿ ‘ಫಿಕ್ಸಸ್’ ಎಂಬ ಸಾಲು ಇರಬೇಕು. ದೋಷವನ್ನು ತಂದ ಮೂಲ ಕಮಿಟ್‌ನ ಗುರುತಿನ ಮೊದಲ 12 ಅಕ್ಷರಗಳೂ ಅದರ ಶೀರ್ಷಿಕೆಯೂ ಅಲ್ಲಿರುತ್ತವೆ. ಆ ಗುರುತನ್ನು ನಂಬಿ ಮುಂದಕ್ಕೆ ಹೋಗಬೇಡಿ, ತೆರೆದು ನೋಡಿ. ದೋಷ ನಿಜವಾಗಿಯೂ ಅಲ್ಲಿಂದಲೇ ಶುರುವಾಯಿತೇ, ಅಥವಾ ಆ ಕಮಿಟ್ ಹಳೆಯ ದೋಷವನ್ನು ಒಂದು ಫೈಲಿನಿಂದ ಇನ್ನೊಂದಕ್ಕೆ ಸಾಗಿಸಿತಷ್ಟೆಯೇ ಎಂಬುದು ಮುಖ್ಯ, ಏಕೆಂದರೆ ಸ್ಥಿರ ಆವೃತ್ತಿಗಳನ್ನು ನೋಡಿಕೊಳ್ಳುವವರು ಈ ಸಾಲನ್ನು ಆಧರಿಸಿಯೇ ಯಾವ ಯಾವ ಹಳೆಯ ಕರ್ನಲ್‌ಗಳಿಗೆ ತಿದ್ದುಪಡಿ ಹೋಗಬೇಕೆಂದು ನಿರ್ಧರಿಸುತ್ತಾರೆ. ‘ಸೈನ್ಡ್-ಆಫ್-ಬೈ’ ಎಂಬ ಸಾಲು ಇದೆಯೇ ಎಂಬುದನ್ನೂ ಒಮ್ಮೆ ನೋಡಿಬಿಡಿ. ಈ ಕೋಡನ್ನು ಕೊಡಲು ನನಗೆ ಹಕ್ಕಿದೆ ಎಂಬ ಘೋಷಣೆ ಅದು, 2004ರಿಂದ ಜಾರಿಯಲ್ಲಿದೆ, ಅದಿಲ್ಲದೆ ಪ್ಯಾಚ್ ಸೇರುವುದಿಲ್ಲ.

ಪ್ಯಾಚನ್ನು ನಿಮ್ಮ ಯಂತ್ರಕ್ಕೆ ತನ್ನಿ

ಇಮೇಲ್‌ನಲ್ಲಿ ಓದಿ ಮುಗಿಸುವ ಪರಿಶೀಲನೆ ಅರ್ಧ ಪರಿಶೀಲನೆ; ಕರ್ನಲ್ ಪ್ಯಾಚ್‌ಗಳು ಬರುವುದು ಇಮೇಲ್ ಪಟ್ಟಿಗಳ ಮೂಲಕ. ‘ಬಿ4’ ಎಂಬ ಸಲಕರಣೆ ಪ್ಯಾಚ್ ಸರಣಿಯನ್ನು ಒಟ್ಟಾಗಿ ಇಳಿಸಿ ನಿಮ್ಮ ಗಿಟ್ ಮರಕ್ಕೆ ಅನ್ವಯಿಸಿ ಕೊಡುತ್ತದೆ. ಸರಣಿಯಲ್ಲಿ ಏಳು ಪ್ಯಾಚ್‌ಗಳಿದ್ದರೆ ಏಳನ್ನೂ ಒಂದೊಂದಾಗಿ ಕಂಪೈಲ್ ಮಾಡಬೇಕು. ಮೂರನೆಯದರಲ್ಲಿ ಮುರಿದು ಐದನೆಯದರಲ್ಲಿ ಸರಿಹೋಗುವ ಸರಣಿ ಮುಂದೊಂದು ದಿನ ಗಿಟ್ ಬೈಸೆಕ್ಟ್ ನಡೆಸಿ ದೋಷ ತಂದ ಕಮಿಟ್ಟನ್ನು ಹುಡುಕುವವರ ದಾರಿಯಲ್ಲಿ ಗುಂಡಿಯಾಗುತ್ತದೆ. ಗಿಟ್‌ನ ರಿಬೇಸ್ ಆಜ್ಞೆಗೆ ‘ಎಕ್ಸೆಕ್’ ಆಯ್ಕೆ ಕೊಟ್ಟರೆ ಪ್ರತಿ ಪ್ಯಾಚ್‌ನ ನಂತರವೂ ಕಂಪೈಲ್ ತಾನಾಗಿ ನಡೆಯುತ್ತದೆ.

ಯಂತ್ರ ಮಾಡಬಲ್ಲ ಕೆಲಸವನ್ನು ಯಂತ್ರಕ್ಕೇ ಬಿಡಿ. ಖಾಲಿ ಜಾಗ, ಟ್ಯಾಬ್, ಸಾಲಿನ ಉದ್ದ ಇವನ್ನು ‘ಚೆಕ್‌ಪ್ಯಾಚ್’ ಸ್ಕ್ರಿಪ್ಟ್ ನೋಡಿಕೊಳ್ಳುತ್ತದೆ. ಬಳಕೆದಾರನ ಪಾಯಿಂಟರನ್ನೂ ಕರ್ನಲ್‌ನ ಪಾಯಿಂಟರನ್ನೂ ಬೆರೆಸಿದ್ದರೆ, ಬೈಟ್‌ಗಳ ಕ್ರಮ ತಪ್ಪಿದ್ದರೆ ‘ಸ್ಪಾರ್ಸ್’ ಹೇಳುತ್ತದೆ. ಚಾಲನೆಯಲ್ಲಿ ಪರೀಕ್ಷಿಸುವಾಗ ಮೆಮೊರಿಯ ತಪ್ಪು ಬಳಕೆಯನ್ನು ಹಿಡಿಯುವ ‘ಕಾಸಾನ್’, ಲಾಕ್‌ಗಳ ತಪ್ಪು ಬಳಕೆಯನ್ನು ಹಿಡಿಯುವ ‘ಲಾಕ್‌ಡೆಪ್’ ಮತ್ತು ನಿದ್ರಿಸಬಾರದ ‘ಅಟಾಮಿಕ್’ ಸ್ಥಿತಿಯಲ್ಲಿ ನಿದ್ರಿಸುವುದನ್ನು ಹಿಡಿಯುವ ತಪಾಸಣೆ ಮೂರನ್ನೂ ಕಾನ್ಫಿಗರೇಶನ್‌ನಲ್ಲಿ ಸೇರಿಸಿದ ಕರ್ನಲ್ಲನ್ನೇ ಬಳಸಿ. ಇವು ತೋರಿಸಿದ್ದನ್ನೇ ಮತ್ತೆ ಬರೆದು ನಿಮ್ಮ ಪರಿಶೀಲನೆಯನ್ನು ಉದ್ದ ಮಾಡುವ ಅಗತ್ಯವಿಲ್ಲ.

ಇನ್ನು ಓದುವ ವಿಧಾನ. ಗಿಟ್ ಶೋ ಆಜ್ಞೆಗೆ ‘ಫಂಕ್ಷನ್ ಕಾಂಟೆಕ್ಸ್ಟ್’ ಆಯ್ಕೆಯನ್ನು ಕೊಡಿ. ಮೂರು ಸಾಲಿನ ಬದಲು ಬದಲಾದ ಫಂಕ್ಷನ್ ಪೂರ್ತಿಯಾಗಿ ಕಾಣುತ್ತದೆ. ಆಮೇಲೆ ಆ ಫಂಕ್ಷನ್ನನ್ನು ಕರೆಯುವ ಎಲ್ಲ ಕಡೆಗಳನ್ನೂ ಗಿಟ್ ಗ್ರೆಪ್ ಮೂಲಕ ಹುಡುಕಿ. ಪ್ಯಾಚ್ ಒಂದು ರಚನೆಯ ಸದಸ್ಯದ ಅರ್ಥವನ್ನು ಬದಲಿಸಿದ್ದರೆ, ಆ ಸದಸ್ಯವನ್ನು ಓದುವ, ಬರೆಯುವ ಸಾಲುಗಳಷ್ಟೇ ಅಲ್ಲದೆ, ಆ ರಚನೆಗೆ ಹೊಸದಾಗಿ ಜಾಗ ಹಂಚುವ ಪ್ರತಿಯೊಂದು ಸಾಲನ್ನೂ ಹುಡುಕಬೇಕು. ಡರ್ಟಿ ಪೈಪ್‌ನಲ್ಲಿ ತಪ್ಪಿಹೋದ ಹುಡುಕಾಟ ಇದೇ: ಫ್ಲ್ಯಾಗ್ಸ್ ಸದಸ್ಯವನ್ನು ಮುಟ್ಟದ ಸಾಲುಗಳಲ್ಲೇ ದೋಷವಿದ್ದುದರಿಂದ, ಅದರ ಹೆಸರನ್ನು ಹುಡುಕಿದ್ದರೆ ಅದು ಸಿಕ್ಕುತ್ತಿರಲಿಲ್ಲ.

ಚೌಕಟ್ಟಿನ ಹೊರಗೆ

ಎಲ್ಲಕ್ಕಿಂತ ಹೆಚ್ಚು ದೋಷಗಳು ಸಿಕ್ಕುವುದು ವೈಫಲ್ಯದ ದಾರಿಗಳಲ್ಲಿ. ಡ್ರೈವರ್‌ನ ಪ್ರೋಬ್ ಫಂಕ್ಷನ್, ಎಂದರೆ ಸಾಧನವನ್ನು ಮೊದಲು ಸಜ್ಜುಗೊಳಿಸುವ ಫಂಕ್ಷನ್, ಒಂದಾದ ಮೇಲೊಂದರಂತೆ ಮೆಮೊರಿ, ಕ್ಲಾಕ್, ಇಂಟರಪ್ಟ್ ಇವನ್ನೆಲ್ಲ ಪಡೆಯುತ್ತಾ ಹೋಗುತ್ತದೆ. ನಡುವೆ ಎಲ್ಲಿ ಸೋತರೂ, ಅಲ್ಲಿಯವರೆಗೆ ಪಡೆದದ್ದನ್ನು ಹಿಮ್ಮುಖ ಕ್ರಮದಲ್ಲಿ ಹಿಂದಿರುಗಿಸಬೇಕು, ಅದಕ್ಕಾಗಿ ಫಂಕ್ಷನ್ನಿನ ಕೊನೆಯಲ್ಲಿ ಗೋಟು ಲೇಬಲ್‌ಗಳ ಸಾಲು ಇರುತ್ತದೆ. ಹೊಸ ಪ್ಯಾಚ್ ಎರಡನೆಯ ಮತ್ತು ಮೂರನೆಯ ಹಂತಗಳ ನಡುವೆ ಒಂದು ಹೊಸ ಹಂತವನ್ನು ಸೇರಿಸಿದೆ ಎಂದುಕೊಳ್ಳಿ. ಡಿಫ್‌ನಲ್ಲಿ ಹೊಸ ಹಂತವೂ ಅದರ ಗೋಟು ಸಾಲೂ ಹೊಸ ಲೇಬಲೂ ಸರಿಯಾಗಿಯೇ ಕಾಣುತ್ತವೆ. ಆದರೆ ಮೂರನೆಯ ಹಂತದಲ್ಲಿ ಮೊದಲಿನಿಂದಲೂ ಇದ್ದ ಗೋಟು ಇನ್ನೂ ಹಳೆಯ ಲೇಬಲಿಗೇ ಹಾರುತ್ತಿದ್ದರೆ, ಮೂರನೆಯ ಹಂತ ಸೋತಾಗ ಹೊಸದಾಗಿ ಪಡೆದದ್ದು ಬಿಡುಗಡೆಯಾಗದೆ ಉಳಿಯುತ್ತದೆ. ಆ ಗೋಟು ಬದಲಾಗದ ಸಾಲು. ಡಿಫ್‌ನಲ್ಲಿ ಅದು ಕಾಣಬೇಕಾಗಿಲ್ಲ.

ನಾನು ಈ ಕೆಲಸಕ್ಕೆ ಬಂದ ಆರಂಭದಲ್ಲಿ ಇಂಥದೇ ಒಂದು ಪ್ಯಾಚ್‌ಗೆ ಪರಿಶೀಲಿಸಿದ್ದೇನೆಂಬ ‘ರಿವ್ಯೂಡ್-ಬೈ’ ಎಂಬ ಒಪ್ಪಿಗೆಯ ಸಾಲು ಕೊಟ್ಟಿದ್ದೆ. ಕೆಲವು ತಿಂಗಳುಗಳ ನಂತರ ಬೇರೊಬ್ಬರು ಮೆಮೊರಿ ಸೋರಿಕೆಯನ್ನು ಕಂಡುಹಿಡಿದು ತಿದ್ದಿದಾಗ ಅವರ ‘ಫಿಕ್ಸಸ್’ ಸಾಲು ನನ್ನ ಹೆಸರಿದ್ದ ಆ ಕಮಿಟ್ಟನ್ನೇ ತೋರಿಸುತ್ತಿತ್ತು. ಅಂದಿನಿಂದ ಹಂತಗಳ ಪಟ್ಟಿಯನ್ನೂ ಪ್ರತಿ ಗೋಟು ಎಲ್ಲಿಗೆ ಹಾರುತ್ತದೆ ಎಂಬುದನ್ನೂ ಕಾಗದದ ಮೇಲೆ ಬರೆದು ಹೊಂದಿಸಿ ನೋಡುವ ಅಭ್ಯಾಸವನ್ನು ಬಿಟ್ಟಿಲ್ಲ. ಅದೇ ಸಮಯಕ್ಕೆ ಇನ್ನೂ ಒಂದನ್ನು ನೋಡಿ: ಗೋಟು ಹಾರುವ ಮುನ್ನ ದೋಷಸಂಖ್ಯೆ ಚರದೊಳಗೆ ಸೇರಿದೆಯೇ? ಸೇರದಿದ್ದರೆ ಫಂಕ್ಷನ್ ಸೋತೂ ಸೊನ್ನೆಯನ್ನು, ಎಂದರೆ ಯಶಸ್ಸನ್ನು, ಹಿಂದಿರುಗಿಸುತ್ತದೆ.

ಪ್ರೋಬ್ ಫಂಕ್ಷನ್ನಿನಲ್ಲಿ ಹಂತಗಳ ಕ್ರಮಕ್ಕೂ ಅರ್ಥವಿದೆ. ಸಾಧನವನ್ನು ಹೊರಜಗತ್ತಿಗೆ ನೋಂದಾಯಿಸುವ ಸಾಲು, ಅದು ನೆಟ್‌ವರ್ಕ್ ಸಾಧನವಾಗಿರಲಿ ಅಕ್ಷರ ಸಾಧನವಾಗಿರಲಿ, ಕಾರ್ಯಗತವಾದ ಕ್ಷಣದಿಂದಲೇ ಬಳಕೆದಾರನ ಪ್ರೋಗ್ರಾಮ್ ಅದನ್ನು ತೆರೆಯಬಹುದು. ಆದ್ದರಿಂದ ಆ ಸಾಲಿನ ಕೆಳಗೆ ಲಾಕ್ ಸಿದ್ಧಪಡಿಸುವ ಅಥವಾ ಬಫರ್ ಹಂಚುವ ಕೆಲಸ ಉಳಿದಿದ್ದರೆ ಅದು ದೋಷ. ಇಂಟರಪ್ಟ್ ಕೋರುವ ಸಾಲಿಗೂ ಇದೇ ಮಾತು ಅನ್ವಯಿಸುತ್ತದೆ. ತೆಗೆದುಹಾಕುವ ಫಂಕ್ಷನ್ನಿನಲ್ಲಿ ಕ್ರಮ ತಿರುಗುತ್ತದೆ, ಮತ್ತು ಅಲ್ಲಿ ‘ಡೆವ್‌ಎಮ್’ ಎಂದು ಆರಂಭವಾಗುವ ಸಹಾಯಕ ಫಂಕ್ಷನ್‌ಗಳು ಒಂದು ಸೂಕ್ಷ್ಮವಾದ ಬಲೆಯನ್ನು ಒಡ್ಡುತ್ತವೆ. ಅವುಗಳ ಮೂಲಕ ಪಡೆದದ್ದು ತೆಗೆದುಹಾಕುವ ಫಂಕ್ಷನ್ ಮುಗಿದ ಮೇಲಷ್ಟೇ ಬಿಡುಗಡೆಯಾಗುತ್ತದೆ. ಇಂಟರಪ್ಟನ್ನು ಡೆವ್‌ಎಮ್ ಮೂಲಕ ಕೋರಿ, ಇಂಟರಪ್ಟ್ ಹ್ಯಾಂಡ್ಲರ್ ಬಳಸುವ ಬಫರನ್ನು ಮಾತ್ರ ಕೈಯಿಂದ ಬಿಡುಗಡೆ ಮಾಡಿದರೆ, ಬಫರ್ ಹೋದ ಮೇಲೂ ಇಂಟರಪ್ಟ್ ಬದುಕಿರುವ ಒಂದು ಕಿರು ಅವಧಿ ಉಳಿಯುತ್ತದೆ. ಕೋಡನ್ನು ಚಿಕ್ಕದು ಮಾಡಲು ಡೆವ್‌ಎಮ್‌ಗೆ ಬದಲಿಸುವ ಪ್ಯಾಚ್‌ಗಳು ಬಹಳ ಬರುತ್ತವೆ, ಮತ್ತು ಅರ್ಧ ಮಾತ್ರ ಬದಲಿಸಿದ ಪ್ಯಾಚನ್ನು ಕಂಡಾಗ ನಾನು ಮೊದಲು ಹುಡುಕುವುದು ಈ ಅವಧಿಯನ್ನೇ. ಟೈಮರ್ ಮತ್ತು ವರ್ಕ್‌ಕ್ಯೂಗಳನ್ನು ನಿಲ್ಲಿಸದೆ ರಚನೆಯನ್ನು ಬಿಡುಗಡೆ ಮಾಡುವುದೂ ಇದೇ ಜಾತಿಯ ತಪ್ಪು.

ಲಾಕ್‌ಗಳ ವಿಷಯದಲ್ಲಿ ನನ್ನ ವಿಧಾನ ಒಂದೇ ಪ್ರಶ್ನೆಯಿಂದ ಶುರುವಾಗುತ್ತದೆ: ಈ ಸದಸ್ಯವನ್ನು ಕಾಯುವ ಲಾಕ್ ಯಾವುದು? ಪ್ಯಾಚ್ ಮುಟ್ಟಿದ ಪ್ರತಿಯೊಂದು ಹಂಚಿಕೆಯ ಸದಸ್ಯಕ್ಕೂ ಉತ್ತರ ಬರೆದುಕೊಂಡು, ಆಮೇಲೆ ಅದನ್ನು ಬರೆಯುವ ಎಲ್ಲ ಕಡೆಗಳಲ್ಲೂ ಅದೇ ಲಾಕ್ ಕೈಯಲ್ಲಿದೆಯೇ ಎಂದು ನೋಡುತ್ತೇನೆ. ಉತ್ತರ ಎರಡು ಬಂದರೆ, ಅಥವಾ ಬರದೇ ಇದ್ದರೆ, ಬರೆದವರನ್ನು ಕೇಳುತ್ತೇನೆ. ಎರಡನೆಯ ಪ್ರಶ್ನೆ, ಲಾಕ್ ಹಿಡಿದಿರುವಾಗ ನಿದ್ರೆಗೆ ಜಾರುವ ಸಾಧ್ಯತೆ ಇದೆಯೇ ಎಂಬುದು. ಸ್ಪಿನ್‌ಲಾಕ್ (ನಿದ್ರಿಸದೆ ಸುತ್ತುತ್ತಾ ಕಾಯುವ ಲಾಕ್) ಹಿಡಿದು ‘ಜಿಎಫ್‌ಪಿ ಕರ್ನಲ್’ ಗುರುತಿನೊಂದಿಗೆ ಮೆಮೊರಿ ಕೇಳುವುದು ತಪ್ಪು, ಏಕೆಂದರೆ ಮೆಮೊರಿ ಸಾಲದಿದ್ದಾಗ ಆ ಕರೆ ಕಾಯುತ್ತಾ ನಿಲ್ಲಬಹುದು. ಅಲ್ಲಿ ಕಾಯದಿರುವ ‘ಜಿಎಫ್‌ಪಿ ಅಟಾಮಿಕ್’ ಬೇಕು, ಅಥವಾ ಲಾಕ್ ಹಿಡಿಯುವ ಮೊದಲೇ ಮೆಮೊರಿ ಪಡೆದಿಟ್ಟುಕೊಳ್ಳಬೇಕು. ಎರಡೂ ಒಂದೇ ಡಿಫ್‌ನಲ್ಲಿ ಅಕ್ಕಪಕ್ಕ ಇದ್ದರೆ ಎಲ್ಲರ ಕಣ್ಣಿಗೂ ಬೀಳುತ್ತವೆ. ಲಾಕ್ ಹಿಡಿಯುವುದು ಒಂದು ಫೈಲಿನಲ್ಲಿ, ಮೆಮೊರಿ ಕೇಳುವುದು ಮೂರು ಕರೆಗಳಾಚೆಗಿನ ಇನ್ನೊಂದು ಫೈಲಿನಲ್ಲಿ ಇದ್ದಾಗ ಕರೆಯುವವರ ಪಟ್ಟಿಯನ್ನು ಮೇಲಕ್ಕೆ ಹತ್ತಿ ನೋಡದೆ ಬೇರೆ ದಾರಿಯಿಲ್ಲ. ಮೂರನೆಯದು, ಇದೇ ಲಾಕನ್ನು ಇಂಟರಪ್ಟ್ ಹ್ಯಾಂಡ್ಲರ್ ಕೂಡ ಹಿಡಿಯುತ್ತದೆಯೇ ಎಂಬುದು. ಹಿಡಿಯುವುದಾದರೆ ಪ್ರಕ್ರಿಯೆಯ ಕಡೆಯಿಂದ ಹಿಡಿಯುವಾಗ ಇಂಟರಪ್ಟನ್ನು ತಡೆದಿರಬೇಕು. ತಡೆಯದಿದ್ದರೆ, ಲಾಕ್ ಹಿಡಿದ ಸಿಪಿಯು ಮೇಲೆಯೇ ಇಂಟರಪ್ಟ್ ಬಂದು ಅದೇ ಲಾಕಿಗಾಗಿ ಎಂದೆಂದಿಗೂ ಸುತ್ತುತ್ತಾ ನಿಲ್ಲುತ್ತದೆ.

ಕೆಲವೊಮ್ಮೆ ತಪ್ಪು ಡಿಫ್‌ನೊಳಗೇ ಇದ್ದರೂ ಕಣ್ಣು ಜಾರುತ್ತದೆ. 2009ರಲ್ಲಿ ‘ಟನ್’ ಎಂಬ ನೆಟ್‌ವರ್ಕ್ ಡ್ರೈವರ್‌ನ ಪೋಲ್ ಫಂಕ್ಷನ್ನಿಗೆ ಒಂದು ಸಾಲು ಸೇರಿತು. ಫಂಕ್ಷನ್ನಿನ ಆರಂಭದ ಚರ ಘೋಷಣೆಗಳ ನಡುವೆ ಕುಳಿತ ಆ ಸಾಲು, ಟನ್ ಪಾಯಿಂಟರ್ ಮೂಲಕ ಸಾಕೆಟನ್ನು ಓದಿಕೊಳ್ಳುತ್ತಿತ್ತು. ಅದರ ಕೆಳಗೇ, ಟನ್ ಪಾಯಿಂಟರ್ ನಲ್ ಆಗಿದ್ದರೆ ದೋಷ ಹಿಂದಿರುಗಿಸುವ ತಪಾಸಣೆ ಮೊದಲಿನಿಂದಲೂ ಇತ್ತು. ಪಾಯಿಂಟರನ್ನು ಆಗಲೇ ಬಳಸಿಯಾಗಿದೆ, ಆದ್ದರಿಂದ ಅದು ನಲ್ ಆಗಿರಲು ಸಾಧ್ಯವಿಲ್ಲ ಎಂದು ಜಿಸಿಸಿ ಕಂಪೈಲರ್ ತರ್ಕಿಸಿ, ಆ ತಪಾಸಣೆಯನ್ನು ಅನಗತ್ಯವೆಂದು ತೆಗೆದುಹಾಕಿತು. 2.6.30ನೆಯ ಆವೃತ್ತಿಯಲ್ಲಿದ್ದ ಈ ದೋಷದಿಂದ ಯಂತ್ರದ ಪೂರ್ಣ ಅಧಿಕಾರ ಪಡೆಯಬಹುದೆಂಬುದನ್ನು ಅದೇ ವರ್ಷದ ಜುಲೈನಲ್ಲಿ ಭದ್ರತಾ ಸಂಶೋಧಕ ಬ್ರಾಡ್ ಸ್ಪೆಂಗ್ಲರ್ ಅವರು ತೋರಿಸಿಕೊಟ್ಟರು. ಆ ಬಳಿಕ ನಲ್ ತಪಾಸಣೆಗಳನ್ನು ಅಳಿಸಬಾರದೆಂದು ಕಂಪೈಲರಿಗೆ ಹೇಳುವ ಆಯ್ಕೆ ಕರ್ನಲ್‌ನ ಬಿಲ್ಡ್ ನಿಯಮಗಳಿಗೆ ಸೇರಿತು. ಪ್ರತಿಯೊಂದು ಸಾಲೂ ತನ್ನಷ್ಟಕ್ಕೆ ಸರಿಯಾಗಿತ್ತು, ಕ್ರಮ ಮಾತ್ರ ತಪ್ಪಿತ್ತು. ಘೋಷಣೆಯ ಸಾಲುಗಳೆಂದರೆ ಹೆಸರುಗಳ ಪಟ್ಟಿಯೆಂದು ತಿಳಿದು ಅವನ್ನು ದಾಟಿ ಓದುವ ಅಭ್ಯಾಸ ನಮ್ಮೆಲ್ಲರಿಗೂ ಇದೆ. ಅಲ್ಲಿ ಪಾಯಿಂಟರಿನ ಬಾಣ ಕಂಡರೆ ನಿಂತು ಓದಿ.

ಬಳಕೆದಾರನ ಕಡೆಯ ಬಾಗಿಲು

ಕರ್ನಲ್‌ನ ಒಳಗಿನ ಯಾವ ತಪ್ಪನ್ನೂ ಮುಂದಿನ ಆವೃತ್ತಿಯಲ್ಲಿ ತಿದ್ದಿಕೊಳ್ಳಬಹುದು. ಬಳಕೆದಾರನ ಪ್ರೋಗ್ರಾಮ್‌ಗಳಿಗೆ ತೆರೆದಿಟ್ಟ ಬಾಗಿಲಿನ ತಪ್ಪು ಹಾಗಲ್ಲ; ಒಮ್ಮೆ ಬಿಡುಗಡೆಯಾಗಿ ಯಾರಾದರೂ ಅದನ್ನು ನೆಚ್ಚಿಕೊಂಡರೆ, ಆ ನಡವಳಿಕೆಯನ್ನು ಮುರಿಯಬಾರದೆಂಬುದು ಲಿನಕ್ಸ್‌ನಲ್ಲಿ ಕಟ್ಟುನಿಟ್ಟಿನ ನಿಯಮ. ಆದ್ದರಿಂದ ಹೊಸ ಸಿಸ್ಟಮ್ ಕಾಲ್, ಹೊಸ ಐಯಾಕ್ಟಲ್, ಸಿಸ್‌ಎಫ್‌ಎಸ್‌ನಲ್ಲಿ ಹೊಸ ಫೈಲ್ ಇವುಗಳಲ್ಲಿ ಯಾವುದಾದರೂ ಪ್ಯಾಚ್‌ನಲ್ಲಿದ್ದರೆ ನಿಮ್ಮ ಸಮಯದ ಅರ್ಧವನ್ನು ಅದಕ್ಕೇ ಕೊಡಿ.

ಗುರುತಿಲ್ಲದ ಫ್ಲ್ಯಾಗ್ ಬಂದಾಗ ಕೋಡ್ ಅದನ್ನು ತಿರಸ್ಕರಿಸುತ್ತದೆಯೇ ಎಂಬುದು ಮೊದಲು ನೋಡಬೇಕಾದದ್ದು. ಓಪನ್ ಕರೆ ತನಗೆ ತಿಳಿಯದ ಫ್ಲ್ಯಾಗ್‌ಗಳನ್ನು ಸುಮ್ಮನೆ ಕಡೆಗಣಿಸುತ್ತಿದ್ದುದರಿಂದ ಅದಕ್ಕೆ ಹೊಸ ಫ್ಲ್ಯಾಗ್ ಸೇರಿಸುವುದು ದಶಕಗಳ ಕಾಲ ತೊಡಕಾಗಿತ್ತು; 2020ರಲ್ಲಿ 5.6ನೆಯ ಆವೃತ್ತಿಯೊಂದಿಗೆ ಬಂದ ‘ಓಪನ್‌ಯಾಟ್2’ ಅಪರಿಚಿತ ಫ್ಲ್ಯಾಗ್‌ಗಳನ್ನು ಕಂಡರೆ ದೋಷ ಹಿಂದಿರುಗಿಸುತ್ತದೆ. ಬಳಕೆದಾರನಿಗೆ ಕೊಡುವ ರಚನೆಯಲ್ಲಿ ಸದಸ್ಯಗಳ ನಡುವೆ ಕಂಪೈಲರ್ ಬಿಡುವ ಖಾಲಿ ಬೈಟ್‌ಗಳೂ ಮುಖ್ಯ: ಅವನ್ನು ಮೊದಲೇ ಸೊನ್ನೆಯಿಂದ ತುಂಬದಿದ್ದರೆ ಕರ್ನಲ್ ಸ್ಟ್ಯಾಕ್‌ನಲ್ಲಿದ್ದ ಹಳೆಯ ದತ್ತಾಂಶ ಹೊರಗೆ ಸೋರುತ್ತದೆ. 64 ಬಿಟ್‌ನ ಸದಸ್ಯ 32 ಬಿಟ್‌ನ ಎಕ್ಸ್86ನಲ್ಲಿ ನಾಲ್ಕು ಬೈಟ್‌ಗಳ ಗಡಿಯಲ್ಲೂ 64 ಬಿಟ್‌ನ ಯಂತ್ರದಲ್ಲಿ ಎಂಟು ಬೈಟ್‌ಗಳ ಗಡಿಯಲ್ಲೂ ಕೂರುವುದರಿಂದ, ಒಂದೇ ರಚನೆಗೆ ಎರಡು ಆಕಾರಗಳು ಬರುವುದುಂಟು.

ಬಳಕೆದಾರನಿಂದ ದತ್ತಾಂಶ ತರುವ ‘ಕಾಪಿ ಫ್ರಮ್ ಯೂಸರ್’ ಫಂಕ್ಷನ್ ಹಿಂದಿರುಗಿಸುವುದು ದೋಷಸಂಖ್ಯೆಯನ್ನಲ್ಲ, ತರಲಾಗದೆ ಉಳಿದ ಬೈಟ್‌ಗಳ ಎಣಿಕೆಯನ್ನು. ಅದನ್ನೇ ನೇರವಾಗಿ ಹಿಂದಿರುಗಿಸಿದ ಪ್ಯಾಚ್‌ಗಳನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಒಂದೇ ಸದಸ್ಯವನ್ನು ಬಳಕೆದಾರನ ಮೆಮೊರಿಯಿಂದ ಎರಡು ಬಾರಿ ಓದಿದರೆ, ಉದಾಹರಣೆಗೆ ಉದ್ದವನ್ನು ಮೊದಲು ಪರೀಕ್ಷಿಸಲು ಒಮ್ಮೆ ಮತ್ತು ಬಳಸಲು ಇನ್ನೊಮ್ಮೆ ಓದಿದರೆ, ನಡುವೆ ಇನ್ನೊಂದು ಥ್ರೆಡ್ ಅದನ್ನು ಬದಲಿಸಿರಬಹುದು. ಎಣಿಕೆ ಮತ್ತು ಗಾತ್ರಗಳನ್ನು ಗುಣಿಸಿ ಮೆಮೊರಿ ಕೇಳುವಲ್ಲಿ ಗುಣಲಬ್ಧ ಉಕ್ಕಿ ಚಿಕ್ಕದಾಗದಂತೆ ‘ಕೆಮ್ಯಾಲಕ್ ಅರೇ’ಯಂಥ ಫಂಕ್ಷನ್ ಬಳಸಿದೆಯೇ ಎಂದೂ ನೋಡಿ.

ಆ ಸಾಲಿನ ಹಿಂದಿನ ಕಥೆ

ಬದಲಾಗುತ್ತಿರುವ ಸಾಲು ಮೊದಲು ಹೇಗೆ ಬಂತು ಎಂಬುದನ್ನು ನೋಡದೆ ಒಪ್ಪಿಗೆ ಕೊಡಬೇಡಿ. 2016ರ ಅಕ್ಟೋಬರಿನಲ್ಲಿ ‘ಡರ್ಟಿ ಕೌ’ ಎಂಬ ದೋಷವನ್ನು ತಿದ್ದಿದ ಕಮಿಟ್‌ನ ಸಂದೇಶದಲ್ಲಿ ಟೋರ್ವಾಲ್ಡ್ಸ್ ಅವರು ಒಂದು ವಿಷಯವನ್ನು ಮರೆಮಾಚದೆ ದಾಖಲಿಸಿದ್ದಾರೆ: ಈ ಪುರಾತನ ದೋಷವನ್ನು ಹನ್ನೊಂದು ವರ್ಷಗಳ ಹಿಂದೆ ತಾವೇ ಒಮ್ಮೆ ತಿದ್ದಲು ಯತ್ನಿಸಿದ್ದು ಸಮರ್ಪಕವಾಗಿರಲಿಲ್ಲ, ಮತ್ತು ಐಬಿಎಂನ ಎಸ್390 ಯಂತ್ರಗಳಲ್ಲಿ ತೊಂದರೆ ಕಾಣಿಸಿದ್ದರಿಂದ ಆ ತಿದ್ದುಪಡಿಯನ್ನು ಹಿಂತೆಗೆಯಲಾಯಿತು. ಹಿಂತೆಗೆದದ್ದು ಅಂದಿನ ಕಾರಣಕ್ಕೆ ಸರಿಯೇ ಇರಬಹುದು. ಆದರೆ ಮೂಲ ದೋಷ ಹಾಗೆಯೇ ಉಳಿಯಿತು. ಒಂದು ತಪಾಸಣೆಯನ್ನು ‘ಅನಗತ್ಯ’ ಎಂದು ತೆಗೆಯುವ, ಮೆಮೊರಿ ಓದು-ಬರಹಗಳ ಕ್ರಮವನ್ನು ಕಾಯುವ ಒಂದು ಬ್ಯಾರಿಯರನ್ನು ‘ಹೆಚ್ಚುವರಿ’ ಎಂದು ಅಳಿಸುವ ಪ್ಯಾಚ್ ಬಂದಾಗ ಗಿಟ್ ಲಾಗನ್ನು ಹಿಂದಕ್ಕೆ ಓದುತ್ತಾ, ಅದನ್ನು ಸೇರಿಸಿದ ಕಮಿಟ್‌ಗೆ ತಲುಪಿ, ಆ ಕಾರಣ ಇಂದಿಗೂ ಇದೆಯೇ ಎಂದು ಕೇಳಿ. ಎಕ್ಸ್86ನಲ್ಲಿ ಬೇಕಿಲ್ಲದ ಬ್ಯಾರಿಯರ್ ಆರ್ಮ್‌ನಲ್ಲಿ ಬೇಕಾಗಿರಬಹುದು, ನಿಮ್ಮ ಮೇಜಿನ ಮೇಲಿನ ಯಂತ್ರದಲ್ಲಿ ಓಡಿಸಿ ನೋಡಿದರೆ ಅದು ತಿಳಿಯುವುದಿಲ್ಲ.

ಬರೆದು ತಿಳಿಸುವುದು

ಉತ್ತರವನ್ನು ಬರೆಯುವಾಗ ಮೂಲ ಪ್ಯಾಚನ್ನು ಉಲ್ಲೇಖವಾಗಿ ಉಳಿಸಿಕೊಂಡು, ಪ್ರತಿ ಟಿಪ್ಪಣಿಯನ್ನೂ ಅದಕ್ಕೆ ಸಂಬಂಧಿಸಿದ ಸಾಲಿನ ಕೆಳಗೇ ಬರೆಯಿರಿ. ಸಂಬಂಧವಿಲ್ಲದ ಭಾಗಗಳನ್ನು ಕತ್ತರಿಸಿ. ‘ಇಲ್ಲಿ ರೇಸ್ ಇದೆ’ ಎಂದಷ್ಟೇ ಬರೆದರೆ ಬರೆದವರಿಗೆ ಏನೂ ತಿಳಿಯುವುದಿಲ್ಲ. ಮೊದಲ ಸಿಪಿಯು ಈ ಸಾಲಿಗೆ ಬಂದಾಗ ಎರಡನೆಯ ಸಿಪಿಯು ಆ ಸಾಲನ್ನು ದಾಟಿದ್ದರೆ ಏನಾಗುತ್ತದೆ ಎಂಬುದನ್ನು ಎರಡು ಕಾಲಂಗಳಲ್ಲಿ ಸಾಲು ಸಾಲಾಗಿ ಬರೆದು ತೋರಿಸಿ. ಹೀಗೆ ಬರೆಯಲು ಕುಳಿತಾಗ ನಿಮ್ಮ ಅನುಮಾನವೇ ತಪ್ಪೆಂದು ತಿಳಿದುಬರುವುದೂ ಉಂಟು. ತಿದ್ದಲೇಬೇಕಾದದ್ದು ಯಾವುದು, ನಿಮ್ಮ ಸಲಹೆ ಮಾತ್ರವಾದದ್ದು ಯಾವುದು, ನಿಮಗೆ ಅರ್ಥವಾಗದೆ ಕೇಳುತ್ತಿರುವುದು ಯಾವುದು ಎಂಬುದನ್ನು ಪ್ರತ್ಯೇಕವಾಗಿ ಹೇಳಿ.

ಇಂಗ್ಲಿಷ್ ಸಾಲದೆಂದು ಹಿಂಜರಿಯುವ ಗೆಳೆಯರು ನಮ್ಮಲ್ಲಿ ಅನೇಕರಿದ್ದಾರೆ. ಕರ್ನಲ್ ಬರೆಯುವವರಲ್ಲಿ ದೊಡ್ಡ ಪಾಲು ಜನರಿಗೆ ಇಂಗ್ಲಿಷ್ ತಾಯ್ನುಡಿಯಲ್ಲ. ಚಿಕ್ಕ, ನೇರ ವಾಕ್ಯಗಳು ಸಾಕು. ಹಿರಿಯರ ಪ್ಯಾಚ್‌ನಲ್ಲಿ ತಪ್ಪು ಹುಡುಕುವುದು ಅವಿನಯವಾದೀತೆಂಬ ಸಂಕೋಚವನ್ನೂ ಬಿಡಬೇಕು, ಏಕೆಂದರೆ ಅವರು ಬಯಸುವುದು ಅದನ್ನೇ. ಮಾತು ಕೋಡಿನ ಬಗ್ಗೆ ಇರಲಿ, ಬರೆದವರ ಬಗ್ಗೆ ಬೇಡ. 2018ರ ಸೆಪ್ಟೆಂಬರಿನಲ್ಲಿ ಟೋರ್ವಾಲ್ಡ್ಸ್ ಅವರು ತಮ್ಮ ಕಟುಮಾತುಗಳಿಗಾಗಿ ಕ್ಷಮೆ ಕೇಳಿ ಕೆಲವು ವಾರ ಕೆಲಸದಿಂದ ದೂರವಿದ್ದರು, ಅದೇ ಸಮಯಕ್ಕೆ ಕರ್ನಲ್ ಯೋಜನೆ ನಡವಳಿಕೆಯ ಸಂಹಿತೆಯನ್ನು ಅಳವಡಿಸಿಕೊಂಡಿತು. ಒರಟುತನವಿಲ್ಲದೆಯೂ ಕೋಡಿನ ಗುಣಮಟ್ಟ ಉಳಿಯುತ್ತದೆ ಎಂಬುದನ್ನು ಆಮೇಲಿನ ವರ್ಷಗಳು ತೋರಿಸಿವೆ ಎಂಬುದು ನನ್ನ ಅಭಿಪ್ರಾಯ.

ಹೆಸರು ಕೊಡುವ ಮುನ್ನ

‘ರಿವ್ಯೂಡ್-ಬೈ’ ಎಂಬ ಸಾಲಿಗೆ ಕರ್ನಲ್ ದಾಖಲೆಗಳಲ್ಲಿ ನಿರ್ದಿಷ್ಟ ಅರ್ಥವಿದೆ. ಪ್ಯಾಚ್ ಸೇರ್ಪಡೆಗೆ ಸಿದ್ಧವಾಗಿದೆಯೇ ಎಂದು ತಾಂತ್ರಿಕವಾಗಿ ಪರಿಶೀಲಿಸಿದ್ದೇನೆ, ಕಂಡ ತೊಂದರೆಗಳನ್ನು ಬರೆದವರಿಗೆ ತಿಳಿಸಿ ಅವರ ಉತ್ತರದಿಂದ ತೃಪ್ತನಾಗಿದ್ದೇನೆ, ಈ ಬದಲಾವಣೆ ಕರ್ನಲ್‌ಗೆ ಒಳ್ಳೆಯದು ಮತ್ತು ನನಗೆ ತಿಳಿದಿರುವ ದೋಷ ಇದರಲ್ಲಿಲ್ಲ ಎಂದು ನಂಬುತ್ತೇನೆ, ಆದರೂ ಇದು ಕೆಲಸ ಮಾಡಿಯೇ ತೀರುತ್ತದೆಂದು ಖಾತರಿ ಕೊಡುತ್ತಿಲ್ಲ ಎಂಬ ನಾಲ್ಕು ಮಾತುಗಳು ಅದರೊಳಗಿವೆ. ಓಡಿಸಿ ನೋಡಿದ್ದಷ್ಟೇ ಆದರೆ ‘ಟೆಸ್ಟೆಡ್-ಬೈ’ ಕೊಡಿ. ‘ಆ್ಯಕ್ಡ್-ಬೈ’ ಸಾಮಾನ್ಯವಾಗಿ ಆ ಕೋಡಿನ ಹೊಣೆ ಹೊತ್ತವರು ತಮ್ಮ ಸಮ್ಮತಿ ಸೂಚಿಸಲು ಬಳಸುವ ಸಾಲು. ಸರಣಿಯ ಏಳು ಪ್ಯಾಚ್‌ಗಳಲ್ಲಿ ಮೂರನ್ನಷ್ಟೇ ಓದಿದ್ದರೆ ಆ ಮೂರಕ್ಕೆ ಮಾತ್ರ ಕೊಡಿ, ಲಾಕ್‌ಗಳ ಭಾಗ ನನಗೆ ಪೂರ್ತಿ ತಿಳಿಯಲಿಲ್ಲ ಎಂದಿದ್ದರೆ ಹಾಗೆಂದೇ ಬರೆಯಿರಿ. ಮೇಂಟೇನರಿಗೆ ಅದು ಖಾಲಿ ಒಪ್ಪಿಗೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪ್ಯಾಚ್ ಹೊರಗೆ ಹೋಗುವ ಮೊದಲೇ ಕಚೇರಿಯ ಸಹೋದ್ಯೋಗಿಗಳ ಹೆಸರು ಅದರಲ್ಲಿ ಸೇರಿರುವ ರೂಢಿ ಹಲವು ಕಡೆ ಇದೆ. ಅವರು ನಿಜವಾಗಿ ಓದಿದ್ದರೆ ತಪ್ಪಿಲ್ಲ, ಆದರೆ ಅವರು ಏನು ಕೇಳಿದರು, ಏನು ಬದಲಾಯಿತು ಎಂಬುದರ ಕುರುಹು ಹೊರಗಿನವರಿಗೆ ಕಾಣುವುದಿಲ್ಲ; ಸಾಧ್ಯವಾದರೆ ನಿಮ್ಮ ಸಹೋದ್ಯೋಗಿಯ ಪ್ಯಾಚನ್ನೂ ಎಲ್ಲರ ಎದುರಿಗೇ ಪರಿಶೀಲಿಸಿ.

ಹೊಸ ಆವೃತ್ತಿ ಬಂದಾಗ, ಸಂದೇಶದ ಕೆಳಗಿನ ಮೂರು ಅಡ್ಡಗೆರೆಗಳ ನಂತರ ಬರೆದವರು ಕೊಟ್ಟಿರುವ ಬದಲಾವಣೆಗಳ ಪಟ್ಟಿಯನ್ನು ಓದಿ, ಆದರೆ ಅದನ್ನೇ ನೆಚ್ಚಬೇಡಿ. ಗಿಟ್‌ನ ‘ರೇಂಜ್-ಡಿಫ್’ ಎರಡು ಆವೃತ್ತಿಗಳ ನಡುವಿನ ವ್ಯತ್ಯಾಸವನ್ನು ಪ್ಯಾಚ್‌ಗೊಂದರಂತೆ ತೋರಿಸುತ್ತದೆ, ಪಟ್ಟಿಯಲ್ಲಿಲ್ಲದ ಬದಲಾವಣೆ ಅಲ್ಲಿ ಎದ್ದು ಕಾಣುತ್ತದೆ. ಪ್ಯಾಚ್ ಗಣನೀಯವಾಗಿ ಬದಲಾಗಿದ್ದರೆ ಹಿಂದೆ ಕೊಟ್ಟ ನಿಮ್ಮ ಸಾಲನ್ನು ಬರೆದವರು ತೆಗೆದಿರಬೇಕು, ತೆಗೆದಿರದಿದ್ದರೆ ನೀವೇ ಕೇಳಿ ತೆಗೆಸಿ, ಮತ್ತೆ ಓದಿ.

ಪ್ಯಾಚ್ ಸೇರಿದ ಮೇಲೆ ಅದರ ಗುರುತನ್ನು ಬರೆದಿಟ್ಟುಕೊಂಡು, ಪ್ರತಿ ಆವೃತ್ತಿಯ ಕೊನೆಗೆ ಗಿಟ್ ಲಾಗ್‌ನಲ್ಲಿ ಆ ಗುರುತಿರುವ ‘ಫಿಕ್ಸಸ್’ ಸಾಲು ಬಂದಿದೆಯೇ ಎಂದು ಹುಡುಕಿ. ಬಂದಿದ್ದರೆ ಆ ತಿದ್ದುಪಡಿಯನ್ನೂ, ಅಂದು ನೀವು ಬರೆದ ಪರಿಶೀಲನೆಯನ್ನೂ ಪಕ್ಕಪಕ್ಕ ಇಟ್ಟು ಓದಿ, ನೀವು ಯಾವ ಫೈಲನ್ನು ತೆರೆಯದೆ ಬಿಟ್ಟಿರಿ ಎಂಬುದನ್ನು ದಿನಾಂಕ ಹಾಕಿ ಗುರುತು ಮಾಡಿಕೊಳ್ಳಿ. ನನ್ನ ಪುಸ್ತಕದಲ್ಲಿ ಆ ಪಟ್ಟಿಯ ಮೊದಲ ಸಾಲು, ಮೇಲೆ ಹೇಳಿದ ಪ್ರೋಬ್ ಫಂಕ್ಷನ್ನಿನ ಮೂರನೆಯ ಗೋಟು.